ವೈಂಡಿಂಗ್ ಖಾತೆಯ ಮಾತು

ನಮ್ಮವ್ವ ಹಾಲವ್ವ, ಟೋಕನ್ ನಂಬರು ಇನ್ನೂರ ಹದಿನೇಳು,
ಮಾತಿಗೆ ದನಿ ಖರ್ಚು ಮಾಡಿದವಳಲ್ಲ.
ಸಾವಿರ ಕದಿರು ಒಟ್ಟಿಗೆ ತಿರುಗುವ ಖಾತೆಯಲ್ಲಿ
ಕೂಗಿದರೆ ಗಂಟಲಷ್ಟೇ ಹೋಗುತ್ತಿತ್ತು;
ಅಲ್ಲಿ ತುಟಿಯೇ ಮಾತು, ಹುಬ್ಬೇ ಪ್ರಶ್ನೆ.
ನಾನು ಹುಟ್ಟುವ ದಿನದ ನೋವನ್ನೂ
ಎದುರು ಸಾಲಿನ ಜೈನಾಬಿಗೆ ಹಾಗೇ ಹೇಳಿದ್ದಂತೆ,
ಹರಿದ ನೂಲಿಗೆ ಗಂಟು ಹಾಕುತ್ತ.

ಯಂತ್ರದ ಎದೆಯ ಮೇಲೆ ಎರಕದ ಅಕ್ಷರ: ಓಲ್ಡ್‌ಹ್ಯಾಮ್.
ನಮ್ಮ ಎರೆಹೊಲದ ಹತ್ತಿ
ರೈಲು ಹತ್ತಿ, ಹಡಗು ಹತ್ತಿ
ಹೋಗುತ್ತಿದ್ದ ದೇಶದ ಊರು.
ಅವ್ವ ಓದಿದವಳಲ್ಲ. ಮೊದಲಕ್ಷರ ಸವರಿ ಅಂದಳು:
"ನಮಗ ಬಳಿ ಹಾಕಬ್ಯಾಡ ಅಂತಾರ,
ತಾನು ತೊಟ್ಟೈತಿ ನೋಡು."

ಒಂದು ಸೋಮವಾರ ಗೇಟಿಗೆ ಬೀಗ, ಬೀಗಕ್ಕೆ ಅರಗು.
ಸೈರನ್ನಿಗೆ ಒಲೆ ಹೊತ್ತಿಸುತ್ತಿದ್ದ ದಾವಣಗೆರೆಯ ನಮ್ಮ ಓಣಿ
ತಿಂಗಳುಗಟ್ಟಲೆ ಹೊತ್ತು ತಪ್ಪಿ ಉಂಡಿತು.
ಓಲ್ಡ್‌ಹ್ಯಾಮು ಕಿಲೋ ಲೆಕ್ಕದಲ್ಲಿ ಗುಜರಿ ಲಾರಿ ಏರಿತು.
ಜೈನಾಬಿ ಮಂಡಕ್ಕಿ ಭಟ್ಟಿ ಸೇರಿದಳು.
ಅವ್ವ ಯಾರದೋ ಮನೆಯ ಪಾತ್ರೆಗೆ.
ಮಿಲ್ಲಿನ ಜಾಗದಲ್ಲೀಗ ಸೈಟುಗಳು;
ಮೂರನೇ ಅಡ್ಡರಸ್ತೆಯಲ್ಲಿ ನನ್ನ ಮಗಳ ಟ್ಯೂಷನ್ನು.

ಮೊನ್ನೆ ಆಸ್ಪತ್ರೆಯಲ್ಲಿ ಅವ್ವನ ಗಂಟಲಿಗೆ ಕೊಳವೆ.
ಪೇಷೆಂಟು ಮಾತಾಡೋ ಹಾಗಿಲ್ಲ, ಅಂದರು ನರ್ಸು.
ಸಂಜೆ ಜೈನಾಬಿ ಬಂದಳು,
ಸೆರಗಿನ ತುಂಬ ಸುಟ್ಟ ಟೈರಿನ ವಾಸನೆ.
ಕೂತಳು. ಹುಬ್ಬೇರಿಸಿದಳು.
ಇಬ್ಬರೂ ಎರಡು ತಾಸು ಮಾತಾಡಿದರು,
ನಡುನಡುವೆ ನಕ್ಕರು,
ಪಕ್ಕದ ಬೆಡ್ಡಿನವರಿಗೆ ಎಚ್ಚರವಾಗಲಿಲ್ಲ.

ಏನಂದ್ಲು ಅವ್ವ? ಬಾಗಿಲಲ್ಲಿ ಕೇಳಿದೆ.
ಚಪ್ಪಲಿ ಮೆಟ್ಟುತ್ತ ಜೈನಾಬಿ,
ಅವಳಿಗೂ ಕಿವಿ ಅಷ್ಟಕ್ಕಷ್ಟೇ, ಜೋರಾಗಿ ಅಂದಳು:
"ಎಂಟು ತಿಂಗಳ ಪಗಾರ ಬಾಕಿ ಐತಲ್ಲ,
ಅದರ ಲೆಕ್ಕ."