ಕಡೇ ಸ್ಲ್ಯಾಬು

ಕೆಳಗ ಮಿಕ್ಸರ್, ಮ್ಯಾಲೆ ಕಡೇ ಸ್ಲ್ಯಾಬು,
ನಡುವ ನಾವು ಹನ್ನೊಂದು ಮಂದಿ.
ನಾ ಏಳನೇಯಾಕಿ.
ಆರನೇಯಾಕಿ ಹುಲಿಗೆವ್ವ, ಎಂಟನೇಯಾಂವ ಯಮನಪ್ಪ.
ಪರ್ವರಿ ಗುಡ್ಡದ ಮ್ಯಾಲೆ, ಏಪ್ರಿಲ್ ಬಿಸಲಾಗ
ಕಾಂಕ್ರೀಟಿನ ಬುಟ್ಟಿ ಬರ್ತಿತ್ತು, ಹೋಗ್ತಿತ್ತು.

ಮುಖ ನೋಡ್ತಿರಲಿಲ್ಲ ನಾವು.
ಹುಲಿಗೆವ್ವ ಉಸುರು ಬಿಟ್ಟಳಂದ್ರ ಬುಟ್ಟಿ ಬಂತು ಅಂತ.
ನಾ ಸೊಂಟ ತಿರುವಿದೆ ಅಂದ್ರ
ಯಮನಪ್ಪನ ಅಂಗೈ ಅಲ್ಲೇ ಇರ್ತಿತ್ತು,
ಕತ್ತಲಾಗ ಕೈ ಚಾಚಿದ್ರ ತಂಬಿಗಿ ಸಿಕ್ಕಂಗ.

ನಾಕು ವರ್ಷ.
ಮಾಪ್ಸಾದಾಗ ಎರಡು ಕಟ್ಟಡ, ಬೇತಿಮ್‌ದಾಗ ಒಂದು,
ವಾಸ್ಕೋ ಕಡೆ ಎಷ್ಟೋ, ನೆನಪಿಲ್ಲ.
ಯಾರರ ನೀರು ಕುಡಿಯಾಕ ಇಳದ್ರ
ಆಚೀಚಿನವರು ಒಂದು ಹೆಜ್ಜಿ ಸರೀತಿದ್ರು, ಅಷ್ಟೇ.
ಕಾಶಿಬಾಯಿ ಬಸುರಿದ್ದಾಗ
ಕೆಳಗ ಪೀರಸಾಬನ ಸಲಿಕಿ ತಾನ ತಿಳಕೊಂಡು
ಒಂದು ಬುಟ್ಟಿ ಎರಡು ಮಾಡಿ ಕಳಸ್ತಿತ್ತು.
ಯಾಕ ಹಗುರೈತಿ ಅಂತ
ಹನ್ನೊಂದರಾಗ ಒಬ್ಬರೂ ಕೇಳಲಿಲ್ಲ.

ಆಮ್ಯಾಲೆ ಬಂದ ಸೇಠನ ಅಳಿಯ,
ಬಿಳಿ ಬೂಟು, ಕೈಯಾಗ ಎರಡು ಫೋನು.
ಬೈಲಿಲ್ಲ. ಬೈದಿದ್ರ ಛಲೋ ಇತ್ತು,
ಬೈಗುಳ ನಾವು ಹಂಚಿಕೊಂಡು ತಿಂತಿದ್ವಿ.
ಸಿಮೆಂಟ್ ಚೀಲದ ಹಿಂದ ಒಬ್ಬೊಬ್ಬರನ್ನ ಕರದ:
"ನಿನ್ನ ಕೆಲಸ ನೋಡೇನಿ. ದಿನಕ್ಕ ಐವತ್ತು ಹೆಚ್ಚು.
ಯಾರಿಗೂ ಹೇಳಬ್ಯಾಡ."

ಹೇಳಲಿಲ್ಲ.
ಚಿಂಬೆಲ್ ಬಸ್ಸಿನಾಗ
ದಿನಾ ಹುಲಿಗೆವ್ವನ ಹೆಗಲಿಗೆ ತಲಿ ಕೊಟ್ಟು ಮಲಗಾಕಿ
ಅವತ್ತು ಕಿಡಕಿಗೆ ಕೊಟ್ಟೆ.
ಸೆರಗಿನ ಗಂಟಿನಾಗ ಇಟ್ಟ ಐವತ್ತು
ಹೋಗಿ ಕಣ್ಣಾಗ ಕುಂತಿತು.
ಮರುದಿನದಿಂದ ನೋಡಾಕ ಹತ್ತಿದೆ:
ಹುಲಿಗೆವ್ವ ತಡಾ ಮಾಡ್ತಾಳ.
ಯಮನಪ್ಪ ಬೀಡಿಗೆ ಎಷ್ಟು ಸಲ ಇಳೀತಾನ!
ಇವರ ಭಾರಾನೂ ನಾ ಹೊರಬೇಕೇನು?
ಹೊರಬೇಕಂದ್ರ, ಐವತ್ತು ಸಾಕೇನು?

ಅವರೂ ನನ್ನ ನೋಡ್ತಿದ್ರು.
ನನಗ ಗೊತ್ತಾಗಲಿಲ್ಲ.

ಸ್ಲ್ಯಾಬಿನ ದಿನ, ಹನ್ನೆರಡೂವರಿ ಸುಮಾರು,
ನನಗೂ ಹುಲಿಗೆವ್ವಗೂ ನಡುವ ಬುಟ್ಟಿ ಬಿತ್ತು.
ಆಕಿ ಅರ್ಧ ಉಸುರು ಮೊದಲ ಬಿಟ್ಟಳೋ,
ನಾ ಅರ್ಧ ಉಸುರು ತಡಾ ಚಾಚಿದೆನೋ.
ಕೆಳಗ ರಾಚಪ್ಪನ ಪಾದ ಇತ್ತು.

ಆಮ್ಯಾಲಿನ ಮಾತು ಬಾಯಿಲೆ ಹೇಳೂವಂಥದ್ದಲ್ಲ.
ನಾಕು ವರ್ಷದ್ದು ಒಂದು ತಾಸಿನಾಗ ಹೊರಗ ಬಂತು,
ಕಾಶಿಬಾಯಿಯ ಅರ್ಧ ಬುಟ್ಟಿಯ ಲೆಕ್ಕಾನೂ.
ಕೊನಿಗೆ ಎಲ್ಲರ ಬಾಯಾಗೂ ಅದೇ ಐವತ್ತು.
ಹನ್ನೊಂದು ಮಂದಿಗೂ ಸರಿಸಮ ಐವತ್ತು!
ನಗು ಬರಬೇಕಿತ್ತು.
ನಕ್ಕಿದ್ರ ಮತ್ತ ಸಾಲು ನಿಲ್ತಿತ್ತೇನೋ.
ಮೊದಲ ಯಾರರ ನಗಲಿ ಅಂತ ಕಾದಿವಿ.

ಅಷ್ಟರಾಗ ಕಾಂಕ್ರೀಟು ಬಿರುಸಾತು.
ಬಿರುಸಾದದ್ದರ ಮಗ್ಗಲಕ್ಕ ಹಸೀದು ಹಾಕಿದ್ರ
ಕೂಡೂದಿಲ್ಲ,
ಕೂಡಿದಂಗ ಕಾಣತೈತಿ.
ಮೇಸ್ತ್ರಿ ಗಿಲಾವು ಮಾಡಿಸಿದ. ಗೆರಿ ಮುಚ್ಚಿತು.

ರಾಚಪ್ಪ ಈಗಲೂ ಅಳಿಯನ್ನ ಬೈತಾನ.
ಹುಲಿಗೆವ್ವ ನನ್ನ.
ಮೇಸ್ತ್ರಿ ಅಂತಾನ, ಬಿಸಲು ಭಾಳ ಇತ್ತು.
ಇತ್ತು, ಖರೆ.

ಎರಡು ಮಳಿಗಾಲ ಕಳದು ಅದೇ ಕಟ್ಟಡಕ್ಕ
ಮನಿಗೆಲಸಕ್ಕ ಹೋದೆ, ಕಡೇ ಮಾಳಿಗಿಗೆ.
ಮನಿಯಾಕಿ ಮ್ಯಾಲೆ ಕೈ ಮಾಡಿ ತೋರಿಸಿದಳು:
ಪಡಸಾಲಿಯ ಈ ಗ್ವಾಡಿಯಿಂದ ಆ ಗ್ವಾಡಿ ತನಕ ಒಂದು ಗೆರಿ,
ಗೆರಿಗುಂಟ ನೀರು.
"ಬಿಲ್ಡರ್ ಮೋಸಗಾರ" ಅಂದಳು. ಹೂಂ ಅಂದೆ.
ಕೆಳಗ ಬೋಗುಣಿ ಇಟ್ಟೆ.
ಭಾಂಡಿ ತಿಕ್ಕಿ ಬರೂದ್ರಾಗ ತುಂಬಿತ್ತು.

ಎತ್ತಿದೆ.
ಸೊಂಟ ತಾನ ಎಡಕ್ಕ ತಿರುಗಿತು,
ಎರಡೂ ಕೈ ಮುಂದ ಹೋದವು,
ಖಾಲಿ ಪಡಸಾಲಿಯಾಗ
ಭಾರ ಹಿಡಕೊಂಡು
ಒಂದು ಗಳಿಗಿ ನಿಂತೆ.