ಬಾವಿಗೆ ಬಲೆ

ಮೊದಲು ನೀವು ಕಟ್ಟಿ, ಆಮೇಲೆ ನಾವು ಕೊಡುತ್ತೇವೆ
ಎಂದಿತ್ತು ಸುತ್ತೋಲೆಯಲ್ಲಿ.
ಸುರಕ್ಷಿತ ತರಕಾರಿಯ ಪ್ರಮಾಣಪತ್ರಕ್ಕೆ
ಶುಲ್ಕ ಇಪ್ಪತ್ತೆರಡು ಸಾವಿರ.
ಪತ್ರ ಕೈಗೆ ಬಂದ ಮೇಲೆ
ನೂರಕ್ಕೆ ಎಪ್ಪತ್ತೈದು ಖಾತೆಗೆ ವಾಪಸ್ಸು.
ಅಮದಳ್ಳಿಯ ಹನ್ನೊಂದು ಹೆಂಗಸರು
ಬಸಳೆ ಚಪ್ಪರದಡಿ ಕೂತು ಕೇಳಿದರು.
ಎರಡು ಸಲ ಓದಿದೆ.
ಬುದವಂತಿ ಅಂದಳು: ಇದೊಳ್ಳೆ ಕತೆ,
ಈಜಿ ದಡ ಮುಟ್ಟಿದ ಮೇಲೆ ದೋಣಿ ಕೊಡ್ತ್ರಂತೆ!

ನಾನು ಗುಂಪಿನ ಬರಹದವಳು.
ಪಿಯುಸಿ ಒಂದು ವರ್ಷ, ಅಕ್ಷರ ದುಂಡಗೆ.
ಗೊಬ್ಬರ ಹಾಕಿದ ದಿನ, ಕೊಯ್ದ ದಿನ,
ಕೊಯ್ದವರ ಕೈಗೆ ಗಾಯವಿತ್ತೇ,
ಗದ್ದೆಗೆ ನಾಯಿ ನುಗ್ಗಿತೇ, ನುಗ್ಗಿದರೆ ಎಷ್ಟು ಹೊತ್ತಿಗೆ,
ಎಲ್ಲಕ್ಕೂ ಒಂದೊಂದು ಕಾಲಂ.
ಹೊನ್ನಜ್ಜಿಗೆ ತಾರೀಖು ತಿಳಿಯದು.
ಅವಳು ಹರಿವೆ ಬಿತ್ತಿದ್ದು ಬಂಗಡೆ ಅಗ್ಗವಾದ ವಾರ,
ಮುಳ್ಳುಸೌತೆ ಹೂಬಿಟ್ಟದ್ದು
ಸೊಸೆ ಹೆತ್ತ ಮರುದಿನ.
ಬಂಗಡೆ ಅಗ್ಗವಾದದ್ದು ಯಾವಾಗ ಎಂದು
ಶೇವಂತಿ ಹರಿಕಂತ್ರಳನ್ನು ಕೇಳಿ
ಮೀನನ್ನು ತಾರೀಖು ಮಾಡಿ ಬರೆದೆ.

ಬೆಳಗಿನ ಬಸ್ಸಿಗೆ ನಮ್ಮ ಜೊತೆ ಕಾಯುವವಳು ಶೇವಂತಿ,
ಬುಟ್ಟಿಗೆ ಬುಟ್ಟಿ ತಾಗಿಸಿ.
ಏಳು ಸಾವಿರ ಕಡಿಮೆ ಬಿತ್ತು ಎಂದದ್ದಕ್ಕೆ
ಸೊಂಟದ ಚೀಲ ಬಿಚ್ಚಿ, ಒದ್ದೆ ನೋಟು ಎಣಿಸಿಕೊಟ್ಟಳು.
ದಿನಾ ಐಸಿಗೆ ದುಡ್ಡು ಹಾಕ್ತೆ, ಸಂಜೆಗೆ ಅದು ನೀರು.
ನಿಮ್ದು ಕಾಗದ. ಕರಗೂದಿಲ್ಲ ಅಲ್ಲ?

ಬಾವಿಯ ನೀರು ತಂಪಾರುವ ಮೊದಲು ಕಾರವಾರ ಮುಟ್ಟಬೇಕಂತೆ.
ಅದಕ್ಕೂ ಅವಳದೇ ಥರ್ಮಾಕೋಲ್ ಪೆಟ್ಟಿಗೆ,
ಎರಡು ಹಿಡಿ ಐಸು.
ಬಿಣಗಾ ತಿರುವಿನಲ್ಲಿ ಬಸ್ಸು ವಾಲಿತು,
ಪೆಟ್ಟಿಗೆ ನಾರಿತು, ಪಕ್ಕದವ ಎದ್ದು ಹಿಂದೆ ಹೋದ.
ಲ್ಯಾಬಿನ ಹುಡುಗ ಮೂಗು ಮುಚ್ಚಿಕೊಂಡೇ ಕೇಳಿದ:
ಪರೀಕ್ಷೆ ಮೀನಿಗೋ, ನೀರಿಗೋ?

ವರದಿ ಬಂತು.
ಅಯೋಗ್ಯ.

ಹೊನ್ನಜ್ಜಿ ನಕ್ಕಳು, ಆಮೇಲೆ ಸುಮ್ಮನಾದಳು.
ಅದೇ ನೀರು ಸೇದಿ ಅವಳು
ಆರು ಮಕ್ಕಳಿಗೆ ಮೀಯಿಸಿದ್ದಳು.
ತೋಟಗಾರಿಕೆಯ ಇಟಗಿ ಸರ್, ಹಳಿಯಾಳದ ಕಡೆಯವರು,
ಬಾವಿಕಟ್ಟೆಗೆ ಬಗ್ಗಿ ನೋಡಿದರು:
ಮೇಲೆ ಹೊನ್ನೆಮರ, ಮರದಲ್ಲಿ ಕಾಗೆ.
ಮುಚ್ಚಬೇಕು. ಔಷಧಿ ಹಾಕಿ ಮತ್ತೆ ಪರೀಕ್ಷೆ.
ಎರಡನೇ ಪರೀಕ್ಷೆಯ ಖರ್ಚು ಯೋಜನೆಯಲ್ಲಿ ಬರುವುದಿಲ್ಲ
ಎಂದರು, ತಾವೇ ತಪ್ಪು ಮಾಡಿದವರ ಹಾಗೆ
ಚಪ್ಪಲಿಯ ಮಣ್ಣು ನೋಡುತ್ತ.

ಮರುದಿನ ಶೇವಂತಿಯ ಗಂಡ
ಹಳೆ ಬಲೆಯ ತುಂಡು ಹೊತ್ತು ಬಂದ.
ನಾಲ್ಕು ಗೂಟ, ಒಂದು ಕಾಥಾ ಹಗ್ಗ,
ಬಾವಿಯ ಬಾಯಿಗೆ ಬಿಗಿದ.
ಕಡಲಿಗೆ ಹಾಕೂದು ಬಾವಿಗೆ ಹಾಕ್ರೆ ಎಂತ ಬೀಳ್ತದೆ?
ಅಂದಳು ಹೊನ್ನಜ್ಜಿ.
ಕಾಗೆ ಬೀಳೂದಿಲ್ಲ, ಕಾಗದ ಬೀಳ್ತದೆ
ಅಂದಳು ಶೇವಂತಿ.

ಬಿತ್ತು. ಮೂರು ತಿಂಗಳಿಗೆ.
ಲ್ಯಾಮಿನೇಟ್ ಮಾಡಿಸಿ ಭಾನುವಾರದ ಸಂತೆಗೆ ಒಯ್ದು
ಬುಟ್ಟಿಗೆ ಆನಿಸಿ ಇಟ್ಟೆವು.
ಗಿರಾಕಿಗಳು ಅದರ ಮೇಲಿಂದಲೇ ಕೈ ಚಾಚಿ
ಬೆಂಡೆಯ ತುದಿ ಮುರಿದು ನೋಡಿದರು, ಎಂದಿನಂತೆ.
ಒಬ್ಬರು ಟೀಚರು ಮಾತ್ರ ಪೂರ್ತಿ ಓದಿ,
ಹಾಗಾದರೆ ಇದು ಸುರಕ್ಷಿತ, ಅಂದರು.
ಹೊನ್ನಜ್ಜಿ ನನ್ನ ಕಡೆ ತಿರುಗಿದಳು:
ನಿನ್ನೆತಂಕ ತಿಂದದ್ದೆಂತದು ಹಂಗಾರೆ, ತಂಗೀ?

ಅವಳಿಗೆ ಸುಳ್ಳು ಹೇಳಲಾರೆ,
ಅಯೋಗ್ಯ ಎಂಬ ಅಕ್ಷರ ನಾನೇ ಓದಿದ್ದೆ.
ನಿಜ ಹೇಳಲೂ ಬಾಯಿ ಬರಲಿಲ್ಲ,
ಆರು ಮಕ್ಕಳೂ ಗಟ್ಟಿಮುಟ್ಟಾಗಿದ್ದರು.
ದಾಖಲೆ ಪುಸ್ತಕದಲ್ಲಿ ಷರಾ ಎಂಬ ಕೊನೆಯ ಕಾಲಂ
ಆ ದಿನ ಖಾಲಿ.

ದುಡ್ಡು ಇನ್ನೂ ಬರಲಿಕ್ಕಿದೆ.
ಶೇವಂತಿ ಕೇಳುವುದಿಲ್ಲ, ಬಸ್ಸಿನಲ್ಲಿ ಜಾಗ ಹಿಡಿದಿಡುತ್ತಾಳೆ.
ಬೆಳಿಗ್ಗೆ ನೀರು ಸೇದಲು ಬಲೆಯ ಮೂಲೆ ಎತ್ತುತ್ತೇನೆ.
ಒಂದು ಹಣ್ಣೆಲೆ, ಒಂದು ಏರೋಪ್ಲೇನ್ ಚಿಟ್ಟೆ,
ಗಂಟಿನಲ್ಲಿ ಎಂದೋ ಸಿಕ್ಕಿಬಿದ್ದ
ಮೀನಿನ ಪೊರೆಯೊಂದು ಬಿಸಿಲಿಗೆ ಮಿಣುಕುತ್ತದೆ.
ಅದಕ್ಕೂ ಒಂದು ಕಾಲಂ ಇರಬಹುದು.
ನಾನು ಹುಡುಕಿಲ್ಲ.