ಹೆಸರು ಬಿಚ್ಚುವವಳು

ಮಧ್ಯಾಹ್ನ ಮೂರಕ್ಕೆ ಮುಗಿಯಿತಂತೆ ವ್ಯಾಪಾರ.
ಮೂರೂಕಾಲಿಗೆ ನನ್ನ ಮೇಜಿನ ಮೇಲೆ
ಆರು ಜೆರ್ಸಿ, ಒಂದು ಚೀಟಿ:
‘ಹಾಲ್ಯಾ, ಹೆಸರು ತೆಗೆ.’

ಹಿರ್ವೆನ್‌ಸಾಲೊ. ಇಂಗ್ಲಿಷಿನಲ್ಲಿ ಹತ್ತಕ್ಷರ.
ಹೆಗಲಿಂದ ಹೆಗಲಿಗೆ ಕಮಾನು ಬಾಗಿಸಿದರೆ ಮಾತ್ರ
ಹಿಡಿಸುವ ಹೆಸರು.
ಹದಿಮೂರು ಚಳಿಗಾಲ ಹೊಲಿದಿದ್ದೇನೆ.
ಅವನ ಎಡಭುಜ ಅರ್ಧ ಇಂಚು ಇಳಿದದ್ದು
ಡಾಕ್ಟರಿಗಿಂತ ಮೊದಲು ತಿಳಿದದ್ದು ನನಗೆ;
ಮೊಣಕೈ ಎಲ್ಲಿ ಸವೆಯುತ್ತದೆ, ರಕ್ತ ಎಲ್ಲಿ ಅಂಟುತ್ತದೆ,
ತಣ್ಣೀರಲ್ಲಿ ಎಷ್ಟು ಹೊತ್ತು ನೆನೆದರೆ ಬಿಡುತ್ತದೆ,
ಅದೂ.

ಅವನ ಬದಲಿಗೆ ಬಂದದ್ದು ಎರಡು ಸರದಿ.
ಆಟಗಾರರಲ್ಲ, ಸರದಿ.
ಡ್ರಾಫ್ಟಿನ ದಿನ ಸಾಲಿನ ಮುಂದೆ ನಿಂತು
ಒಬ್ಬ ಹುಡುಗನತ್ತ ಬೆರಳು ತೋರುವ ಹಕ್ಕು.
ಒಂದು ಈ ಜೂನಿನದು.
ಇನ್ನೊಂದು ಆಚೆಯದರ ಆಚೆಯದು:
ಆ ಹುಡುಗನಿಗೀಗ ಹದಿನೈದು, ಹಲ್ಲಿಗೆ ತಂತಿ,
ಎಲ್ಲೋ ಮೂಸ್ ಜಾ ಕಡೆ, ನಸುಕಿನ ಐದಕ್ಕೆ,
ಅಮ್ಮನ ಟ್ರಕ್ಕಿನ ಹಿಂದಿನ ಸೀಟಲ್ಲಿ
ಬಾಯಿ ತೆರೆದು ನಿದ್ದೆ.
ಅವನಿಗೇ ಗೊತ್ತಿಲ್ಲ, ಇವತ್ತು ತಾನು
ಒಬ್ಬ ನಾಯಕನ ಅರ್ಧ ಬೆಲೆ ಎಂದು.

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ,
ಆ ಕುಲಾವಿ ಹೊಲಿಯುವವಳು ನಾನೇ.
ತಲೆಯ ಅಳತೆ ಯಾರೂ ಹೇಳುವುದಿಲ್ಲ.

ಮೇಲಿನ ಮಹಡಿಯಲ್ಲಿ ಮ್ಯಾನೇಜರ್ ಪೆಟಿಪಾ
ತಕ್ಕಡಿ ಹಿಡಿದು ಕೂತಿದ್ದಾನೆ.
ಒಂದು ತಟ್ಟೆಯಲ್ಲಿ ಮೂವತ್ತೆರಡು ವಯಸ್ಸು, ನಾನೂರು ಗೋಲು,
ವರ್ಷಕ್ಕೆ ಒಂಬತ್ತು ಮಿಲಿಯನ್ ನುಂಗುವ ಕರಾರು.
ಇನ್ನೊಂದರಲ್ಲಿ ಏನೂ ಇಲ್ಲ.
ಕೆಳಗಿಳಿದದ್ದು ಆ ಖಾಲಿ ತಟ್ಟೆಯೇ.
ಇನ್ನೂ ಏನೂ ಆಗದವನಿಗೆ
ಏನು ಬೇಕಾದರೂ ಆಗಬಲ್ಲವನ ತೂಕ.

ಸಾಸ್ಕಟೂನಿಗೆ ಸಾಸ್ಕಟೂನೇ ಈ ಲೆಕ್ಕ ಕಲಿತಿದೆ.
ಅವನು ಹೋಗುವ ತಂಡ ಸೋಲಬೇಕು;
ಸೋತಷ್ಟೂ ನಮ್ಮ ಸರದಿ ಮುಂದೆ.
ಮೊನ್ನೆ ಮೊನ್ನೆ ಅವನ ಮೊಣಕಾಲಿಗೆಂದು
ಚರ್ಚಿನಲ್ಲಿ ಮೊಂಬತ್ತಿ ಹಚ್ಚಿದ ನನ್ನ ತಂಗಿ ಓಲೆಸ್ಯಾ
ಫೋನಿನಲ್ಲಿ ಕೇಳುತ್ತಾಳೆ, ದನಿ ತಗ್ಗಿಸಿ:
‘ಅಲ್ಲಿ ಅವನು ಗೋಲು ಹೊಡೆಯದಿದ್ದರೆ
ನಮಗೆ ಒಳ್ಳೇದಲ್ವೇನೇ?’

ಗುಂಡಿ ಡಬ್ಬಿಯ ತಳದಲ್ಲೊಂದು ಹೆಸರಿದೆ: ಟ್ರಾಸ್ಕ್.
ಆ ವರ್ಷದ ಡ್ರಾಫ್ಟಿನಲ್ಲಿ ಎರಡನೆಯವ.
ಹನ್ನೊಂದು ಪಂದ್ಯ ಆಡಿದ. ಆಮೇಲೆ ಮೊಣಕಾಲು,
ಆಮೇಲೆ ಸೊಂಟ, ಆಮೇಲೆ ಅಪ್ಪನ ಟೈರ್ ಅಂಗಡಿ.
ಅವನಿಗಾಗಿ ನಾವು ಬಿಟ್ಟುಕೊಟ್ಟ ಡಿಫೆನ್ಸ್‌ನವನು
ಅತ್ತ ಹೋಗಿ ಎರಡು ಕಪ್ ಎತ್ತಿದ.

ನೋಡಿದಿರಾ, ಅನ್ನಲು ನಾಲಗೆ ಎದ್ದಿತು.
ಅಷ್ಟರಲ್ಲಿ ಸೂಜಿ ಚುಚ್ಚಿತು:
ಹಿರ್ವೆನ್‌ಸಾಲೊ ಕೂಡ ಸರದಿಯಾಗಿಯೇ ಬಂದವನು.
ಮುದಿ ಗೋಲಿ ಡ್ಯೂಶಾರ್ಮನನ್ನು ಕಳಿಸಿದ ದಿನ
ಇದೇ ಊರು ಅತ್ತಿತ್ತು; ಆಗಿನ ಮ್ಯಾನೇಜರನ ಕಾರಿಗೆ
ಯಾರೋ ಮೊಟ್ಟೆ ಹೊಡೆದು, ಅದು ಅಲ್ಲೇ ಹೆಪ್ಪುಗಟ್ಟಿತ್ತು.
ಬದಲಿಗೆ ಸಿಕ್ಕಿದ್ದು ಏಳನೇ ಸರದಿ.
ಫಿನ್‌ಲೆಂಡಿನಿಂದ ಬಂದಿಳಿದ ಒಂದು ಕಡ್ಡಿ.
ಗಡಿಬಿಡಿಯಲ್ಲಿ ನಾನು ಒಂದಕ್ಷರ ಬಿಟ್ಟು ಹೊಲಿದೆ.
ಒಂಬತ್ತರಲ್ಲೇ ಮಂಜಿಗಿಳಿದ, ಎರಡು ಗೋಲು ಹೊಡೆದ,
ಬೆವರು ಆರುವ ಮೊದಲೇ ನನ್ನ ಬಾಗಿಲಿಗೆ ಬಂದು
ಕಿವಿ ಕೆಂಪಾಗಿಸಿಕೊಂಡು ನಿಂತ:
‘ಅಮ್ಮ ಟಿವಿಯಲ್ಲಿ ನೋಡಿದಳಂತೆ.
ಒಂದು ಎನ್ ಬೇಕಂತೆ.’

ಈಗ ಬಿಚ್ಚುತ್ತಿದ್ದೇನೆ, ಬಲದಿಂದ ಎಡಕ್ಕೆ.
ಎನ್ ಹತ್ತಿರ ಕತ್ತರಿ ಒಮ್ಮೆ ನಿಂತು
ಮುಂದೆ ಹೋಗುತ್ತದೆ.

ಹೊರಗೆ ಮೈನಸ್ ಮೂವತ್ತೊಂದು, ನದಿಯ ಮೇಲೆ ಹಬೆ.
ಪೆಟಿಪಾ ಬಾಗಿಲಲ್ಲಿ, ಕೈಯಲ್ಲಿ ಆರಿದ ಕಾಫಿ.
‘ಹೇಳು ಹಾಲ್ಯಾ. ಗೆದ್ದದ್ದು ನಾವಾ, ಅವರಾ?’

ಜೆರ್ಸಿಯನ್ನು ಬಲ್ಬಿಗೆ ಹಿಡಿದು ತೋರಿಸುತ್ತೇನೆ.
ಬೆನ್ನಿನುದ್ದಕ್ಕೂ ಸೂಜಿತೂತು,
ಬೆಳಕು ಸೋರುತ್ತಿದೆ, ಹತ್ತಕ್ಷರದಗಲ.

‘ಇದರ ಮೇಲೆ ನಾಲ್ಕಕ್ಷರದವನು ಬಂದರೆ
ಎರಡೂ ಕಡೆ ತೂತು ಕಾಣುತ್ತದೆ.
ಉದ್ದ ಹೆಸರಿನವನನ್ನೇ ಆರಿಸು.’